ಬೂದಿ ಹತ್ತಿದ ಸೀಸೆ

"ಮೀನು ಸುಳ್ಳು ಹೇಳೂದಿಲ್ಲ ಚಾಚಾ. ಹೇಳಿದ್ರ ಮಚ್ಛೇಂದ್ರನೇ ಹೇಳಿರಬೇಕು."

ಆಬೇದಾ ಹೀಗೆಂದು ಕಂಪ್ಯೂಟರಿನ ಪರದೆಯನ್ನು ಮುಜೀಬೋದ್ದೀನ ಜಮಾದಾರರ ಕಡೆ ತಿರುಗಿಸಿದಳು. ಪರದೆಯ ಎಡಕ್ಕೆ ನೀಲಿ ಚುಕ್ಕಿಗಳ ಗುಂಪು, ಬಲಕ್ಕೆ ಕೆಂಪು ಚುಕ್ಕಿಗಳ ಗುಂಪು. ನೀಲಿ ಅರಬ್ಬಿ ಸಮುದ್ರದ ಬೊಂಬೀಲ ಮೀನು, ಕೆಂಪು ಬಂಗಾಳ ಕೊಲ್ಲಿಯ ಬೊಂಬೀಲ. ಆ ಕೆಂಪಿನ ನಡುವೆ, ಅರಬ್ಬಿ ಸಮುದ್ರದ್ದೆಂದು ಗುರುತು ಹಾಕಿ ಬಂದ ಒಂದು ಹಿಡಿ ನೀಲಿ ಚುಕ್ಕಿಗಳು, ಬೇರೆಯವರ ಮದುವೆಗೆ ಬಂದು ಕೂತವರ ಹಾಗೆ ಕೂತಿದ್ದವು.

ಮುಜೀಬೋದ್ದೀನರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಪೊಲೀಸ್ ಖಾತೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತರಾದ ಮನುಷ್ಯ. ಕಳ್ಳರನ್ನು ನೋಡಿದ್ದರು, ಕಳ್ಳಭಟ್ಟಿಯವರನ್ನು ನೋಡಿದ್ದರು. ಚುಕ್ಕಿಗಳ ವಿಚಾರಣೆ ಮಾತ್ರ ಇದೇ ಮೊದಲು. ಪ್ರಯೋಗಾಲಯದ ಬೀಗವನ್ನು ಯಾರೂ ಮುಟ್ಟಿಲ್ಲ, ಮೀನು ಬದಲಾಗಿದ್ದು ಅದರ ಚೂರು ತುಂಬಿದ ಸೀಸೆಗಳು ಬೀದರಕ್ಕೆ ಬರುವ ಮೊದಲೇ ಎಂಬುದಷ್ಟೇ ಹೋದ ವಾರ ಅವರಿಗೆ ಖಾತ್ರಿಯಾಗಿತ್ತು.

ಅಣ್ಣನ ಮಗಳಾದ ಆಬೇದಾ ಸಮುದ್ರದ ಮೀನಿನ ಅಭ್ಯಾಸಕ್ಕೆ ಬೀದರದಲ್ಲಿ ಕೂತಾಗ ಓಣಿಯವರೆಲ್ಲ ನಕ್ಕಿದ್ದರು. ಕುಡಿಯುವ ನೀರಿಗೇ ಟ್ಯಾಂಕರಿನ ಹಿಂದೆ ಓಡುವ ಊರು, ಅಲ್ಲಿ ಈ ಹುಡುಗಿಗೆ ಸಮುದ್ರದ ಮೀನು. ಮುಜೀಬೋದ್ದೀನರೂ ನಕ್ಕವರೇ. ಆದರೆ ಎದುರಿಗೆ ಯಾರಾದರೂ ನಕ್ಕರೆ ಮಾತ್ರ ಅವರ ಮೀಸೆ ನೆಟ್ಟಗಾಗುತ್ತಿತ್ತು.

ಆಬೇದಾಳ ಕೆಲಸವನ್ನು ಅವರು ತಮ್ಮ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದರು. ಬೇರೆ ಬೇರೆ ಬಂದರಗಳಿಂದ ಮೀನಿನ ರೆಕ್ಕೆಯ ಚೂರು ಬರುತ್ತದೆ. ಅದರೊಳಗಿನ ಜೀನೋಮನ್ನು, ಅಂದರೆ ಮೀನು ಹುಟ್ಟುತ್ತಲೇ ಮೈಯಲ್ಲಿ ಬರೆಸಿಕೊಂಡು ಬಂದ ಅಕ್ಷರಗಳನ್ನು, ಯಂತ್ರ ಮೊದಲಿನಿಂದ ಕೊನೆತನಕ ಓದುತ್ತದೆ. ಎರಡು ಸಮುದ್ರದ ಬೊಂಬೀಲ ನೋಡಲು ಒಂದೇ, ತಿನ್ನಲೂ ಒಂದೇ. ಆದರೆ ಎಷ್ಟೋ ತಲೆಮಾರುಗಳಿಂದ ಒಂದರ ಜೊತೆ ಒಂದು ಕೂಡದೆ ಅಕ್ಷರಗಳು ಅಲ್ಲಲ್ಲಿ ಬೇರೆಯಾಗಿಬಿಟ್ಟಿವೆ. "ಅಂದ್ರ ಬೀಗತನ ಇಲ್ಲ ಅನ್ನು" ಎಂದು ಅವರು ಒಮ್ಮೆ ಹೇಳಿದ್ದನ್ನು ಆಬೇದಾ ತನ್ನ ಭಾಷಣಗಳಲ್ಲೂ ಬಳಸಿಕೊಳ್ಳುತ್ತಿದ್ದಳು.

ಯಾವ ಸಮುದ್ರದಲ್ಲಿ ಎಷ್ಟು ಬಗೆಯ ಮೀನು ಉಳಿದಿದೆ, ಎಲ್ಲಿ ಬಲೆ ಬಿಗಿ ಮಾಡಬೇಕು ಎಂಬುದು ಇದರಿಂದ ತಿಳಿಯುತ್ತದೆ. ಆದ್ದರಿಂದ ಯಾವ ಚೂರು ಯಾವ ಬಂದರದ್ದು ಎಂಬ ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪಿದಂತೆ.

ರತ್ನಾಗಿರಿ ಬಂದರದ ಚೂರುಗಳನ್ನೆಲ್ಲ ಕಳಿಸುತ್ತಿದ್ದವನು ಮಚ್ಛೇಂದ್ರ. ಔರಾದ ಕಡೆಯ ಹಳ್ಳಿಯವನು. ಮಳೆ ಕೈಕೊಟ್ಟ ಮೊದಲ ವರ್ಷವೇ ಅದೇ ಕಡೆಯ ಕೂಲಿ ಗುತ್ತಿಗೆದಾರ ಮುಕಾದಮ ಪಂಢರಿಯ ಟೋಳಿ ಸೇರಿ ಊರ ಗಂಡಸರೆಲ್ಲ ಬಂದರದ ಕೂಲಿಗೆ ಹೋದಾಗ ಇವನೂ ಹೋದ. ಆಬೇದಾಳಿಗೆ ಅವನನ್ನು ಹುಡುಕಿಕೊಟ್ಟವರು ಮುಜೀಬೋದ್ದೀನರೇ. ಔರಾದ ಠಾಣೆಯಲ್ಲಿದ್ದ ಕಾಲದಿಂದ ಆ ಮನೆತನ ಅವರಿಗೆ ಗೊತ್ತು. ಹುಡುಗ ಪ್ರಾಮಾಣಿಕ, ಅವನ ಜಿಮ್ಮಾ ನಂದು ಎಂದು ಎದೆ ತಟ್ಟಿ ಹೇಳಿದ್ದರು.

ಈಗ ಆ ಎದೆಯೊಳಗೆ ಏನೋ ಕುಟುಕುತ್ತಿತ್ತು.

"ಸೋಮವಾರ ನಾ ವರದಿ ಕಳಿಸಬೇಕು ಚಾಚಾ. ಈ ಸೀಸಿ ಯಾಕ ಹಿಂಗಾದ್ವು ಅಂತ ಹೇಳಲಿಕ್ಕೆ ಬರಲಿಲ್ಲಂದ್ರ, ಅವ ಇಲ್ಲೀತನಕ ಕಳಿಸಿದ್ದೆಲ್ಲಾ ತೆಗೆದು ಒಗೀಬೇಕಾಗ್ತದ. ಮುಂದ ಅವನ ಹೆಸರು ಯಾರೂ ತಗೊಳ್ಳಂಗಿಲ್ಲ."

ಮಚ್ಛೇಂದ್ರನ ಮೇಲೆ ಅವಳಿಗೂ ಮಮತೆಯಿತ್ತು. ಊರಿಗೆ ಬಂದಾಗಲೆಲ್ಲ ಪ್ರಯೋಗಾಲಯಕ್ಕೆ ಬಂದು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ನಮ್ಮ ಮೀನು ಏನಂತಾವ್ರಿ ಮೇಡಂ ಎಂದು ಕೇಳುವವನು ಅವನೊಬ್ಬನೇ. ಬಾಕಿಯವರೆಲ್ಲ ಸಂಬಳ ಯಾವಾಗ ಎಂದು ಕೇಳುತ್ತಿದ್ದರು.

ಮುಜೀಬೋದ್ದೀನರು ಕೊನೆಯ ಕಂತಿನ ಸೀಸೆಗಳನ್ನು ತರಿಸಿಕೊಂಡರು. ಬೆರಳುದ್ದದ ಪ್ಲಾಸ್ಟಿಕ್ ಸೀಸೆಗಳು. ಪ್ರತಿಯೊಂದರ ಮೈಮೇಲೂ ಮಚ್ಛೇಂದ್ರನ ದುಂಡಗಿನ ಪೆನ್ಸಿಲ್ ಅಕ್ಷರ. ಅಕ್ಷರ ಅವನದೇ, ಅದರಲ್ಲಿ ಅನುಮಾನವಿರಲಿಲ್ಲ. ಬಂದಾಗ ಒಳಗೆ ಚೂರು ಕೆಡದಂತೆ ಹಾಕುವ ಸ್ಪಿರಿಟ್ ಇರಲಿಲ್ಲವಂತೆ. ಬಿಸಿಲಿಗೆ ಆರಿರಬೇಕು ಎಂದು ಆಬೇದಾ ಸುಮ್ಮನಾಗಿದ್ದಳು. ಇನ್ನೊಂದು ಮಾತನ್ನೂ ಅವಳು ಈಗ ಹೇಳಿದಳು. ಈ ಚೂರುಗಳೊಳಗಿನ ಅಕ್ಷರಮಾಲೆ ತುಂಡು ತುಂಡಾಗಿತ್ತು. ಓದಲು ಬಂತು, ಆದರೆ ಹರಿದ ಹಳೆಯ ಪತ್ರಿಕೆ ಜೋಡಿಸಿ ಓದಿದಂತೆ. ಉಪ್ಪು ಹಾಕಿ ಬಿಸಿಲಿಗೆ ಒಣಗಿಸಿದ ಮೀನಿನಲ್ಲಿ ಹೀಗಾಗುತ್ತದೆ, ಸ್ಪಿರಿಟ್ಟಿನಲ್ಲಿಟ್ಟ ತಾಜಾ ಮೀನಿನಲ್ಲಲ್ಲ.

ಜಮಾದಾರರು ಒಂದು ಸೀಸೆಯ ಮುಚ್ಚಳ ತಿರುವಿದರು. ಮೂಸಿದರು. ಆಮೇಲೆ ಮುಚ್ಚಳ ತಿರುವುವ ಗೆರೆಗಳೊಳಗೆ ಉಗುರು ಆಡಿಸಿದರು. ಉಗುರಿನ ತುದಿಗೆ ಬೂದುಬಣ್ಣದ ಪುಡಿ ಬಂತು. ಎರಡನೆಯದರಲ್ಲೂ ಇತ್ತು, ಮೂರನೆಯದರಲ್ಲೂ ಇತ್ತು. ನಾಲಿಗೆಗೆ ಹಚ್ಚಿಕೊಂಡು ನೋಡಿದಾಗ ಆಬೇದಾ ಹೌಹಾರಿದಳು.

ಅದು ಒಲೆಯ ಬೂದಿ. ಪಾತ್ರೆ ತಿಕ್ಕುವ ಬೂದಿ.

ಬಂದರದಲ್ಲಿ ಯಾರೂ ಸೀಸೆಯನ್ನು ಬೂದಿ ಹಚ್ಚಿ ತಿಕ್ಕುವುದಿಲ್ಲ. ಇದು ಮನೆಯ ಹೆಂಗಸಿನ ಕೈ. ಅದೂ ತಿಕ್ಕಿದ ಮೇಲೆ ತೊಳೆಯದ ಕೈ. ತೊಳೆದಿದ್ದರೆ ಗೆರೆಗಳೊಳಗೆ ಬೂದಿ ಉಳಿಯುತ್ತಿರಲಿಲ್ಲ. ಈ ಬೇಸಿಗೆಯಲ್ಲಿ ಪಾತ್ರೆಗೆ ನೀರು ತಾಕಿಸದೆ ಬೂದಿಯಲ್ಲೇ ತಿಕ್ಕಿ ಸೆರಗಿನಿಂದ ಒರೆಸಿಡುವ ಮನೆ ಒಂದೆರಡಲ್ಲ. ಆದರೆ ಈ ಸೀಸೆಗಳು ದಾಟಿ ಬಂದ ಮನೆ ಒಂದೇ. ಬಂದರದಿಂದ ಮುಕಾದಮನ ಆಳುಗಳ ಕೈಯಲ್ಲಿ ಒಣಮೀನಿನ ಗಂಟಿನ ಜೊತೆ ಸೀಸೆಗಳು ಭಾಲ್ಕಿಗೆ ಬರುತ್ತಿದ್ದವು, ಅಲ್ಲಿಂದ ಮಚ್ಛೇಂದ್ರನ ಹೆಂಡತಿ ಶಾಲುಬಾಯಿ ಬಸ್ಸಿನಲ್ಲಿ ತಂದು ಆಬೇದಾಳ ಕೈಗೆ ಕೊಡುತ್ತಿದ್ದಳು.

"ಶಾಲುಬಾಯಿನ ಬೈಬ್ಯಾಡ್ರಿ ಚಾಚಾ" ಎಂದಳು ಆಬೇದಾ. ಬೈಯುವ ವಯಸ್ಸು ಮುಗಿಯಿತು ಎಂದು ಹೇಳಿ ಜಮಾದಾರರು ಒಂದು ಸೀಸೆಯನ್ನು ಕಿಸೆಗೆ ಹಾಕಿಕೊಂಡು ಎದ್ದರು. ಮೊಣಕಾಲು ಎಂದಿನಂತೆ ತಕರಾರು ಮಾಡಿತು.

ಭಾಲ್ಕಿ ಬಸ್ಸಿನಲ್ಲಿ ನೀರಿನದೇ ಮಾತು. ಕಾರಂಜಾ ಜಲಾಶಯದ ತಳ ಬಿರಿದಿದೆಯೆಂದು ಒಬ್ಬ, ತಮ್ಮೂರಲ್ಲಿ ಬೋರು ಕೊರೆದರೆ ಬರೀ ಧೂಳು ಬಂತೆಂದು ಇನ್ನೊಬ್ಬ. ಮುಜೀಬೋದ್ದೀನರ ಕಿವಿ ಅಲ್ಲಿರಲಿಲ್ಲ. ಶಾಲುಬಾಯಿಯನ್ನು ಹೇಗೆ ಕೇಳುವುದು ಎಂದೇ ಅವರು ದಾರಿಯುದ್ದಕ್ಕೂ ಯೋಚಿಸಿದರು. ಅವಳ ಮದುವೆಯಲ್ಲಿ ಅವರು ಉಂಡವರು.

ಹಳ್ಳಿಯ ಬಾವಿ ಬತ್ತಿದ ಮೇಲೆ ಅತ್ತೆ ಸೊಸೆ ಇಬ್ಬರೂ ಭಾಲ್ಕಿಯಲ್ಲಿ ಒಂದು ಖೋಲಿ ಹಿಡಿದು, ಬಜಾರಿನಲ್ಲಿ ಒಣಮೀನು ಮಾರುತ್ತಿದ್ದರು. ಜಮಾದಾರರು ಹೋದಾಗ ಬಿಸಿಲು ಇಳಿಯುತ್ತಿತ್ತು. ಖಟಕ ಚಿಂಚೋಳಿ ಕಡೆಯ ಗಿರಾಕಿ ಹೆಂಗಸೊಬ್ಬಳು ಸುಕಟ ಎಂಬ ಸಣ್ಣ ಒಣಮೀನು ಕಟ್ಟಿಸಿಕೊಂಡು ಬಸ್ಸಿಗೆ ಅವಸರ ಮಾಡುತ್ತಿದ್ದಳು. ಅತ್ತೆ ಸುಭದ್ರಾಬಾಯಿ ಬೇವಿನ ತಪ್ಪಲಿನಿಂದ ನೊಣ ಹೊಡೆಯುತ್ತ ಕೂತಿದ್ದರು. ಜಮಾದಾರರನ್ನು ಕಂಡವರೇ ಗೋಣಿಚೀಲ ಝಾಡಿಸಿ ಹಾಸಿ, ಸೊಸೆಗೆ ಚಹಾ ಹೇಳಲು ಕಣ್ಣಿನಲ್ಲೇ ಸನ್ನೆ ಮಾಡಿದರು.

ಚಹಾ ಬಂತು, ಕುಡಿದದ್ದಾಯಿತು. ಜಮಾದಾರರ ಹೆಂಡತಿ ಹಮೀದುನ್ನಿಸಾ ಭಾಭಿ ಹ್ಯಾಂಗಿದ್ದಾರೆ, ಆಬೇದಾಳ ಲಗ್ನ ಯಾವಾಗ ಎಂಬುದೆಲ್ಲ ಆಯಿತು. ಇನ್ನು ತಡ ಮಾಡಿದರೆ ಕೇಳುವ ಧೈರ್ಯವೇ ಉಡುಗುತ್ತದೆ ಎನ್ನಿಸಿ ಜಮಾದಾರರು ಕಿಸೆಯಿಂದ ಸೀಸೆ ತೆಗೆದು ಗೋಣಿಚೀಲದ ಮೇಲಿಟ್ಟರು. ಬಿಳಿ ಕರವಸ್ತ್ರದ ಮೂಲೆಯನ್ನು ಅದರ ಕಂಠಕ್ಕೆ ಸುತ್ತಿ ತಿರುವಿದರು. ಕರವಸ್ತ್ರದ ಮೇಲೆ ಬೂದಿಯ ಗೆರೆ ಮೂಡಿತು.

"ಶಾಲುಬಾಯಿ, ಈ ಸೀಸಿ ಯಾರು ತಿಕ್ಯಾರ?"

"ನಾನೇ ರಿ" ಎಂದಳು ಶಾಲುಬಾಯಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಅಷ್ಟು ಬೇಗ ಒಪ್ಪಿಕೊಳ್ಳುವವರು ಇನ್ನೊಬ್ಬರ ತಪ್ಪು ಹೊತ್ತಿರುತ್ತಾರೆ ಎಂಬುದು ಜಮಾದಾರರಿಗೆ ಠಾಣೆಯಲ್ಲೇ ಗೊತ್ತಾಗಿದ್ದ ವಿಷಯ. ಅವರ ಕಣ್ಣು ಅತ್ತೆಯ ಕಡೆ ತಿರುಗಿತು.

ಬೇವಿನ ತಪ್ಪಲು ನಿಂತಿತು. "ಆಕಿ ಅಲ್ರಿ ಭಾಯಿ. ನಾ ತಿಕ್ಕೀನಿ" ಎಂದರು ಸುಭದ್ರಾಬಾಯಿ.

ಸೊಸೆ ತಡೆಯಲು ನೋಡಿದಳು. ಅತ್ತೆ ಕೇಳಲಿಲ್ಲ. ಸಲಕ್ಕೆ ಸಲ ಶಾಲುಬಾಯಿ ಗಂಟು ಬಿಚ್ಚಿ ಸೀಸೆಗಳನ್ನು ತೆಗೆದಿಡುತ್ತಿದ್ದಳಂತೆ. ಈ ಸಲ ಅವಳು ಟ್ಯಾಂಕರಿನ ಸಾಲಿನಲ್ಲಿದ್ದಾಗ ಗಂಟು ಬಂತು, ಮುದುಕಿಯೇ ಬಿಚ್ಚಿದರು. ಒಂದು ಸೀಸೆ ಸೋರಿತ್ತು. ಮುಚ್ಚಳ ತೆಗೆದು ಮೂಸಿದರು.

"ದಾರೂ ವಾಸ ಬಂತು ಭಾಯಿ. ಮಚ್ಛೇಂದ್ರನ ಅಪ್ಪನ ಅಂಗ್ಯಾಗ ಬರ್ತಿತ್ತಲ್ಲ, ಅದೇ ವಾಸ. ನಿಮಗ ಗೊತ್ತದಲ್ಲ, ಅವರು ಕುಡಿದು ಕುಡಿದು ಹ್ಯಾಂಗ ಹೋದ್ರು ಅಂತ. ನನ್ನ ಮಗ ಪಂಚಶೀಲ ತಗೊಂಡಾನ. ಹನಿ ಮುಟ್ಟಂಗಿಲ್ಲ ಅಂತ ನನ್ನ ಕೈ ಹಿಡಿದು ಹೇಳ್ಯಾನ. ಅಂಥವನ ಗಂಟಿನಾಗ ದಾರೂ ಅಂದ್ರ ನನ್ನ ಜೀವ ಹೋದಂಗಾತು."

ಆಮೇಲೆ ಮುದುಕಿ ಏನು ಮಾಡಿದರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೊಂದೇ ಸೀಸೆ ಬಿಚ್ಚಿ ಖೋಲಿಯ ಹಿಂದೆ ಸುರಿದರು. ಮೀನಿನ ಚೂರು ಬೆಕ್ಕಿನ ಪಾಲಾಯಿತು. ವಾಸನೆ ಹೋಗುವತನಕ ಒಳಗೂ ಕಂಠಕ್ಕೂ ಬೂದಿ ಹಾಕಿ ತಿಕ್ಕಿದರು. ನೀರು ಇರಲಿಲ್ಲ, ಸೆರಗಿನಿಂದ ಒರೆಸಿ ಸಾಲಾಗಿ ಇಟ್ಟರು. ಮಗನ ಹೆಸರು ಉಳಿಸಿದೆ ಎಂಬ ಸಮಾಧಾನದಲ್ಲಿ ಮಲಗಿದರು.

ಮುಜೀಬೋದ್ದೀನರಿಗೆ ನಗು ಬಂತು, ಕಣ್ಣೂ ತುಂಬಿತು. ಎರಡನ್ನೂ ಕರವಸ್ತ್ರದಲ್ಲಿ ಒರೆಸಿಕೊಂಡರು, ಗಲ್ಲಕ್ಕೆ ಬೂದಿ ಹತ್ತಿತು. ಶಾಲುಬಾಯಿ ಬಂದು ನೋಡಿ ಎದೆ ಒಡೆದುಕೊಂಡಿದ್ದಳು. ಹೇಳಿದರೆ ಅತ್ತೆಗೆ ಮಾತು ಬರುತ್ತದೆ, ಹೇಳದಿದ್ದರೆ ಗಂಡನ ಕೆಲಸ ಹೋಗುತ್ತದೆ. ಒಣಗಿದ ಬೊಂಬೀಲದ ರೆಕ್ಕೆ ಕತ್ತರಿಸಿ, ಸೀಸೆಗೆ ತುಂಬಿ, ಎಂದಿನ ಮುಖದಲ್ಲಿ ತಂದು ಕೊಟ್ಟಿದ್ದಳು. ಬೊಂಬೀಲ ಅಂದರೆ ಬೊಂಬೀಲ, ಯಂತ್ರಕ್ಕೇನು ಗೊತ್ತಾಗುತ್ತದೆ ಎಂದುಕೊಂಡಿದ್ದಳು ಪಾಪ.

ಜಮಾದಾರರ ಮನಸ್ಸು ಹಗುರಾಯಿತು. ಮಚ್ಛೇಂದ್ರ ಗೆದ್ದ. ಈ ಬಜಾರಿನ ಒಣಮೀನು ಹೈದರಾಬಾದಿನ ಲಾರಿಗಳಲ್ಲಿ ಬರುತ್ತದೆ, ಹೈದರಾಬಾದಿಗೆ ಪೂರ್ವದ ಸಮುದ್ರದಿಂದ ಬರುತ್ತದೆ. ಕೆಂಪಿನೊಳಗೆ ಕೂತ ನೀಲಿ ಚುಕ್ಕಿಗಳ ಗುಟ್ಟು ಇಷ್ಟೇ. ಸೋಮವಾರದ ವರದಿಗೆ ಒಂದು ಸಾಲು ಬರೆದರೆ ಮುಗಿಯಿತು. ಬಜಾರಿನ ಮೀನು ಹಾಕಿ ಆಬೇದಾಳ ನಿದ್ದೆ ಕೆಡಿಸಿದೆಯಲ್ಲ ತಾಯಿ ಎಂದು ಅವರು ಪ್ರೀತಿಯಿಂದಲೇ ಗದರಿದರು.

ಶಾಲುಬಾಯಿ ತಲೆ ಎತ್ತಿದಳು. ಅವಳ ಮುಖದಲ್ಲಿ ಮೊದಲ ಸಲ ಸಿಟ್ಟು ಕಂಡಿತು.

"ಬಜಾರದ್ದು ಹ್ಯಾಂಗ ಹಾಕ್ಲಿರಿ ಸಾಹೇಬ್ರ? ಅವರ ಹೆಸರಿನ ಸೀಸಿದಾಗ ಮಂದಿ ಮೀನ ಹಾಕ್ಲೇನ್ರಿ? ಅದೇ ಗಂಟಿನಾಗ ಅವರು ಮನಿಗಿ ಅಂತ ಕಳಿಸಿದ್ದು ಬೊಂಬೀಲ ಇತ್ತು. ಅದರದೇ ರೆಕ್ಕಿ ಹಾಕೀನಿ. ಅವರು ಒಣಗಿಸಿದ್ದು ಮೀನು, ಅವರದೇ ಸೀಸಿ. ಅಷ್ಟು ಸುಳ್ಳು ನನಗ ಬರಂಗಿಲ್ರಿ."

ಅವಳು ಪಕ್ಕದ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ತೋರಿಸಿದಳು. ಮಾರಲು ಮನಸ್ಸಾಗದೆ ಉಳಿಸಿಕೊಂಡಿದ್ದ ಬೊಂಬೀಲ. ರೆಕ್ಕೆ ಕತ್ತರಿಸಿದ ಗುರುತು ಚೊಕ್ಕವಾಗಿ ಕಾಣುತ್ತಿತ್ತು.

ಜಮಾದಾರರು ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ ಆಬೇದಾಳಿಗೆ ಫೋನ್ ಮಾಡಿದರು. ಮಾತು ಸಣ್ಣದು. ಬಂದರದವರು ಬೇರೆ ಕಡೆಯ ಮೀನು ತಂದು ಒಣಗಿಸಿರಬಹುದೇ ಎಂದು ಕೇಳಿದರು. ಮೀನು ತುಂಬಿದ ಬಂದರಕ್ಕೆ ಅಷ್ಟು ದೂರದಿಂದ ಮೀನು ಯಾರು ಹೊರುತ್ತಾರೆ ಎಂದಳು ಆಬೇದಾ. ದಾರಿ ತಪ್ಪಿ ಈಜಿ ಬಂದಿರಬಹುದೇ ಎಂದರೆ, ಒಂದು ಬರಬಹುದು, ಇಡೀ ಗಂಟು ಬರುವುದಿಲ್ಲ ಎಂದಳು. ಆಮೇಲೆ ಅವಳ ದನಿ ತಗ್ಗಿತು. ಆ ಚುಕ್ಕಿಗಳು ಕೆಂಪು ಗುಂಪಿನಲ್ಲೂ ಒಂದು ಮೂಲೆಗೆ, ಒಡಿಶಾ ಬಂಗಾಳದ ಗಡಿಯ ಬಂದರಗಳ ಮೀನಿಗೆ ಹತ್ತಿರವಿದ್ದವು.

ತಿರುಗಿ ಬಂದಾಗ ಶಾಲುಬಾಯಿ ಅವರ ಮುಖ ಓದಿಬಿಟ್ಟಿದ್ದಳು. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮೆಲ್ಲಗೆ ಹೇಳಿದರು. ಈ ಮೀನು ರತ್ನಾಗಿರಿಯದಲ್ಲ. ದೇಶದ ಆ ಕಡೆಯ ಸಮುದ್ರದ್ದು. ಒಣಗಿಸಿದವನೂ ಆ ಕಡೆಯೇ ಇರಬೇಕು.

ಸುಭದ್ರಾಬಾಯಿಗೆ ಅದು ಪೂರ್ತಿ ತಿಳಿಯಲಿಲ್ಲ. ಎಲ್ಲಿದ್ದರೇನು, ಉಂಡುಟ್ಟು ಚೆನ್ನಾಗಿದ್ದರೆ ಸಾಕು ಎಂದರು. ಶಾಲುಬಾಯಿ ಬಟ್ಟೆಯ ಗಂಟನ್ನು ಮತ್ತೆ ಕಟ್ಟತೊಡಗಿದಳು. ವಾರವಾರ ಫೋನಿನಲ್ಲಿ ರತ್ನಾಗಿರಿಯ ಹವಾ, ರತ್ನಾಗಿರಿಯ ಮಾವಿನ ಹೂವು ಎಂದು ಹೇಳಿದ ಗಂಡ. ಆ ಒಂದೊಂದು ಮಾತನ್ನೂ ಅವಳು ಒಳಗೇ ತಿರುವಿ ನೋಡುತ್ತಿರುವುದು ಜಮಾದಾರರಿಗೆ ಕಾಣುತ್ತಿತ್ತು. ಬೇರೆ ಸಂಸಾರವೇನಾದರೂ ಎಂಬ ಪ್ರಶ್ನೆ ಅವಳ ತುಟಿಯ ತನಕ ಬಂದು ಹಿಂದೆ ಹೋಯಿತು.

ಆಗಲೇ ಅವಳ ಮೊಬೈಲ್ ಬಡಿದುಕೊಂಡಿತು. ಮುಕಾದಮ ಪಂಢರಿಯ ನಂಬರು. ಮಚ್ಛೇಂದ್ರನ ಫೋನು ಕೆಟ್ಟಾಗಿನಿಂದ ಅವನ ಮಾತು ಈ ನಂಬರಿನಿಂದಲೇ ಬರುತ್ತಿತ್ತು.

ಜಮಾದಾರರು ಸ್ಪೀಕರ್ ಹಾಕುವಂತೆ ಸನ್ನೆ ಮಾಡಿ ಹತ್ತಿರ ಸರಿದರು. ಉಂಡೆಯಾ, ಅವ್ವ ಹ್ಯಾಂಗಿದ್ದಾಳ, ಟ್ಯಾಂಕರ್ ಬರ್ತದಾ ಎಂದು ಮಚ್ಛೇಂದ್ರ ಕೇಳಿದ. ದನಿ ಅವನದೇ. ಆದರೆ ಶಾಲೆಯ ಹುಡುಗ ಪಾಠ ಒಪ್ಪಿಸುವಂತೆ ಗಟ್ಟಿಯಾಗಿ, ಒಂದೇ ಏರಿನಲ್ಲಿ ಬರುತ್ತಿತ್ತು. ರತ್ನಾಗಿರಿದಾಗ ಎಲ್ಲಾ ಆರಾಮ ಅದ ಎಂದು ಕೇಳದಿದ್ದರೂ ಹೇಳಿದ.

ಶಾಲುಬಾಯಿಯ ಕಣ್ಣು ಪಡುವಣಕ್ಕೆ ಹೋಯಿತು. ಎದುರಿನ ಅಂಗಡಿಗಳ ಮಾಳಿಗೆಯ ಮೇಲೆ ಸೂರ್ಯ ಇನ್ನೂ ಪೂರ್ತಿ ಇದ್ದ. ಬಿಸಿಲು ನೇರ ಅವಳ ಮುಖಕ್ಕೇ ಬಡಿಯುತ್ತಿತ್ತು.

"ಅಲ್ಲಿ ಹೊತ್ತು ಮುಳುಗಿತೇನ್ರಿ?"

ಆ ಕಡೆ ಒಂದು ಗಳಿಗೆ ಸದ್ದಿಲ್ಲ.

"ಮುಳುಗ್ಯಾದ, ಶಾಲು. ಕತ್ತಲಾಗ್ಯಾದ."

ಜಮಾದಾರರು ಲೆಕ್ಕ ಹಾಕಿದರು. ರತ್ನಾಗಿರಿ ಪಡುವಣದಲ್ಲಿದೆ. ಭಾಲ್ಕಿಯಲ್ಲಿ ಸೂರ್ಯ ಮುಳುಗಿದ ಮೇಲೂ ಅಲ್ಲಿ ಬೆಳಕಿರಬೇಕು. ಇಲ್ಲಿ ಬಿಸಿಲಿರುವಾಗಲೇ ಕತ್ತಲಾಗುವ ಊರು ಮೂಡಣದಲ್ಲಿ, ಬಹಳ ದೂರ ಮೂಡಣದಲ್ಲಿರಬೇಕು. ಮೀನು ಹೇಳಿದ್ದನ್ನೇ ಸೂರ್ಯನೂ ಹೇಳುತ್ತಿದ್ದ. ಮಚ್ಛೇಂದ್ರನ ಆ ಒಂದು ಗಳಿಗೆಯ ಮೌನ ನೋಡಿದರೆ, ಹೆಂಡತಿ ಯಾಕೆ ಕೇಳಿದಳೆಂದು ಅವನಿಗೂ ಹೊಳೆದಂತಿತ್ತು. ಹೊಳೆದೂ ಅವನು ನಿಜವನ್ನೇ ಹೇಳಿದ್ದ.

"ಶಾಲು, ಆಬೇದಾ ಮೇಡಂಗ ಸೀಸಿ ಮುಟ್ಯಾವಾ?"

"ಮುಟ್ಯಾವ್ರಿ."

"ಮೇಡಂ ಮೀನ ಓದಿದ್ರೇನು?"

ಈಗ ಆ ದನಿ ಪಾಠದ್ದಾಗಿರಲಿಲ್ಲ. ಸಣ್ಣಗೆ, ಅಂಗೈಯಲ್ಲಿ ಮುಚ್ಚಿ ಕೊಟ್ಟ ಹಾಗೆ ಬಂತು. ಜಮಾದಾರರಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಅವನು ಹೆಂಡತಿಗೆ ಸುಳ್ಳು ಹೇಳುತ್ತಿಲ್ಲ, ಪಕ್ಕದಲ್ಲಿ ನಿಂತ ಮುಕಾದಮನ ಮಾತನ್ನು ಒಪ್ಪಿಸುತ್ತಿದ್ದಾನೆ. ಟೋಳಿಯನ್ನು ಗುಟ್ಟಾಗಿ ಆ ಕಡಲಿಗೆ ಒಯ್ದು ಹಿಡಿದಿಟ್ಟವನು ಅವನೇ ಇರಬೇಕು. ಬಾಯಿಂದ ಹೇಳಲಾಗದ ಊರಿನ ಗುರುತನ್ನು ಸೀಸೆಯಲ್ಲಿ ತುಂಬಿ, ಓದಬಲ್ಲ ಒಬ್ಬಳೇ ಒಬ್ಬಳಿಗೆ ಕಳಿಸಿದ್ದ. ತಾಯಿ ಅದನ್ನು ಬೂದಿ ಹಚ್ಚಿ ತಿಕ್ಕಿ ಹಾಕಿದ್ದರು. ಅದೇ ಕಡಲಿನ ರೆಕ್ಕೆ ತುಂಬಿದ ಹೆಂಡತಿ ತನಗೇ ಗೊತ್ತಿಲ್ಲದೆ ಅದನ್ನು ಮತ್ತೆ ಬರೆದು ಮುಟ್ಟಿಸಿದ್ದಳು.

ಶಾಲುಬಾಯಿಗೂ ತಿಳಿದಿತ್ತು. ಅವಳ ಕಣ್ಣಲ್ಲಿ ನೀರು ದಳದಳ ಇಳಿಯಿತು. ಗಂಡ ತನ್ನವನೇ ಎಂಬ ಸಂತೋಷ ಮತ್ತು ಅವನಿಗೆ ಏನೋ ಆಗಿದೆ ಎಂಬ ಭಯ ಎರಡೂ ಕೂಡಿ ಬಂದಿದ್ದವು. ಜಮಾದಾರರು ಕೈ ಅಡ್ಡ ಹಿಡಿಯುವಷ್ಟರಲ್ಲಿ ಅವಳು ಹೇಳಿಬಿಟ್ಟಳು.

"ಓದ್ಯಾರ್ರಿ. ಪೂರಾ ಓದ್ಯಾರ. ನಮಗೆಲ್ಲಾ ತಿಳಿದದ."

ಆ ಕಡೆಯಿಂದ ಉದ್ದನೆಯ ಉಸಿರೊಂದು ಕೇಳಿತು. ಅದರ ಹಿಂದೆಯೇ, ಫೋನಿಗೆ ತೀರ ಹತ್ತಿರದಲ್ಲಿ, ಔರಾದದ ಧಾಟಿಯ ಇನ್ನೊಂದು ಗಂಡು ದನಿ.

"ಏನ್ ತಿಳಿದದ? ಏನ್ ಓದ್ಯಾರ?"

ಸಂಪರ್ಕ ಕಡಿಯಿತು. ಶಾಲುಬಾಯಿ ನಂಬರನ್ನು ಮತ್ತೆ ಒತ್ತಿದಳು. ಫೋನು ಬಂದ್ ಆಗಿದೆ ಎಂದು ಯಂತ್ರದ ಹೆಣ್ಣು ದನಿ ಹೇಳಿತು. ಇನ್ನೊಮ್ಮೆ ಒತ್ತಿದರೂ ಅದನ್ನೇ ಹೇಳಿತು. ಸುಭದ್ರಾಬಾಯಿ ಇಬ್ಬರ ಮುಖವನ್ನೂ ನೋಡುತ್ತ, ಯಾಕ, ಅವ ಫೋನ್ ಯಾಕ ಇಟ್ಟ ಎಂದು ಕೇಳುತ್ತಲೇ ಇದ್ದರು.

ಶಾಲುಬಾಯಿ ಜಮಾದಾರರ ತೋಳು ಹಿಡಿದುಕೊಂಡಳು.

"ನಾ ಹಂಗ ಅನ್ನಬಾರದಿತ್ತೇನ್ರಿ ಸಾಹೇಬ್ರ?"

ಹೌದು ಎನ್ನಲು ಮುಜೀಬೋದ್ದೀನರಿಗೆ ನಾಲಿಗೆ ಏಳಲಿಲ್ಲ. ಇಲ್ಲ ಎನ್ನಲು ಅವರಿಗೆ ಸುಳ್ಳು ಬರುತ್ತಿರಲಿಲ್ಲ.